ಸಾಗರ ವೀಕ್ಷಣೆಯ ತರಬೇತಿ ಫೆಲೋಶಿಪ್‌ಗೆ ಅಭ್ಯರ್ಥಿಗಳನ್ನು ಆರಿಸುವುದು ಹೇಗೆ: ಆಯ್ಕೆ ಸಮಿತಿಗಳಿಗೆ ಸಮಗ್ರ ಮಾರ್ಗದರ್ಶಿ

ಸಮುದ್ರದ ಅಳತೆಗಳಿಗೆ ಬೆಲೆ ಬರುವುದು ಅವು ನಡುವೆ ಕಡಿಯದೆ ವರ್ಷಗಟ್ಟಲೆ ಮುಂದುವರಿದಾಗ. ಬರ್ಮುಡಾ ದ್ವೀಪದ ಹತ್ತಿರದ ‘ಹೈಡ್ರೋಸ್ಟೇಷನ್ ಎಸ್’ ಎಂಬ ತಾಣದಲ್ಲಿ 1954ರಿಂದಲೂ, ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪದ ಬಳಿ 1962ರಿಂದಲೂ ನೀರಿನ ಅಳತೆ ನಡೆದುಬಂದಿದೆ. ಅಳೆಯುವವರೂ ಉಪಕರಣಗಳೂ ಬದಲಾಗಿದ್ದರೂ ಸರಣಿ ನಿಂತಿಲ್ಲ. ತೆರೆದ ಸಾಗರದಲ್ಲಿ ಈಗ ಈ ಕೆಲಸದ ದೊಡ್ಡ ಪಾಲನ್ನು ಆರ್ಗೋ ಜಾಲದ ಸುಮಾರು 4,000 ತೇಲುಯಂತ್ರಗಳು ಹೊತ್ತಿವೆ. ಇವು ಸಾವಿರ ಮೀಟರ್ ಆಳದಲ್ಲಿ ಅಲೆಯುತ್ತ, ಹತ್ತು ದಿನಗಳಿಗೊಮ್ಮೆ 2,000 ಮೀಟರ್‌ವರೆಗೆ ಇಳಿದು, ಮೇಲೇರುವಾಗ ಉಷ್ಣಾಂಶವನ್ನೂ ಲವಣಾಂಶವನ್ನೂ ದಾಖಲಿಸಿ ಉಪಗ್ರಹದ ಮೂಲಕ ದಡಕ್ಕೆ ಕಳಿಸುತ್ತವೆ. ಆದರೆ ಕರಾವಳಿಯ ಆಳವಿಲ್ಲದ ನೀರಿನಲ್ಲಿ, ನದಿಗಳ ಅಳಿವೆಗಳಲ್ಲಿ, ಹವಳದ ದಿಬ್ಬಗಳ ನಡುವೆ ಇಂಥ ಯಂತ್ರಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ದೋಣಿಯಲ್ಲಿ ಹೋಗಿ ನೀರು ತೆಗೆದು, ಉಪಕರಣವನ್ನು ಸರಿಪಡಿಸಿ, ಬಂದ ಸಂಖ್ಯೆಗಳಲ್ಲಿ ನಂಬಬಹುದಾದದ್ದು ಯಾವುದು ಎಂದು ತೀರ್ಮಾನಿಸಬಲ್ಲ ಜನರೇ ಬೇಕು.

ತರಬೇತಿ ಫೆಲೋಶಿಪ್‌ಗಳು ಇರುವುದು ಅಂಥವರನ್ನು ತಯಾರು ಮಾಡುವುದಕ್ಕೆ. ಆದ್ದರಿಂದ ಆಯ್ಕೆ ಸಮಿತಿ ಪ್ರತಿ ಅರ್ಜಿಯ ಮುಂದೆಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ತರಬೇತಿ ಕೊಟ್ಟರೆ, ಕೆಲವು ವರ್ಷಗಳ ನಂತರ ಯಾವ ನೀರಿನಲ್ಲಿ ಯಾವ ಅಳತೆ ನಡೆಯುತ್ತಿರುತ್ತದೆ? ಅರ್ಜಿ ನಮೂನೆ, ಅಂಕಪಟ್ಟಿ, ಸಂದರ್ಶನ ಎಲ್ಲವೂ ಈ ಪ್ರಶ್ನೆಗೆ ಉತ್ತರ ಹುಡುಕುವ ಸಾಧನಗಳು. ಈ ಮಾರ್ಗದರ್ಶಿಯ ಹಂತಗಳನ್ನೂ ಇದೇ ದೃಷ್ಟಿಯಿಂದ ಜೋಡಿಸಲಾಗಿದೆ.

ಹಂತ 1: ಯಾವ ಬಗೆಯ ಫೆಲೋಶಿಪ್ ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಸಾಗರ ವೀಕ್ಷಣೆಯ ಫೆಲೋಶಿಪ್‌ಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಅಭ್ಯರ್ಥಿಗಳು ತಂಡವಾಗಿ ಒಂದೇ ಕಡೆ ದೀರ್ಘಕಾಲ ಕಲಿಯುತ್ತಾರೆ. 1999ರಲ್ಲಿ ಸ್ಥಾಪನೆಯಾದ ಪೋಗೋ ಎಂಬ ಅಂತರರಾಷ್ಟ್ರೀಯ ಸಾಗರ ಸಂಸ್ಥೆಗಳ ಒಕ್ಕೂಟವು ಜಪಾನಿನ ನಿಪ್ಪಾನ್ ಫೌಂಡೇಶನ್‌ನ ನೆರವಿನೊಂದಿಗೆ 2008ರಲ್ಲಿ ಬರ್ಮುಡಾದಲ್ಲಿ ಆರಂಭಿಸಿ, 2013ರಲ್ಲಿ ಹೆಲ್ಗೊಲ್ಯಾಂಡ್ ದ್ವೀಪದಲ್ಲೂ ಕೇಂದ್ರವಿರುವ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಗೆ ಸ್ಥಳಾಂತರಿಸಿದ ತರಬೇತಿ ಈ ಮಾದರಿಯದು; ಬೇರೆ ಬೇರೆ ದೇಶಗಳ ಹತ್ತು ಜನರಿಗೆ ಹತ್ತು ತಿಂಗಳ ಕಲಿಕೆ ಅದರ ಸ್ವರೂಪವಾಗಿತ್ತು. ಅದು ನಡೆದ ಎರಡೂ ಜಾಗಗಳು ದೀರ್ಘಕಾಲದ ಅಳತೆಯ ಸರಣಿಗಳ ಪಕ್ಕದಲ್ಲಿವೆ ಎಂಬುದನ್ನು ಗಮನಿಸಬಹುದು. ಇನ್ನೊಂದು ಬಗೆಯಲ್ಲಿ ಅಭ್ಯರ್ಥಿಯೊಬ್ಬರು ಒಂದರಿಂದ ಮೂರು ತಿಂಗಳ ಮಟ್ಟಿಗೆ ಆತಿಥೇಯ ಪ್ರಯೋಗಾಲಯವೊಂದಕ್ಕೆ ಹೋಗಿ, ಒಂದು ನಿರ್ದಿಷ್ಟ ಕೌಶಲವನ್ನು ಕಲಿತು ಮರಳುತ್ತಾರೆ.

ಎರಡಕ್ಕೂ ಒಂದೇ ಅಳತೆಗೋಲು ಒಗ್ಗುವುದಿಲ್ಲ. ಅಲ್ಪಾವಧಿ ಭೇಟಿಯಲ್ಲಿ ಆತಿಥೇಯ ವಿಜ್ಞಾನಿಯ ಒಪ್ಪಿಗೆ ಮತ್ತು ವಾರವಾರದ ಕೆಲಸದ ಯೋಜನೆ ನಿರ್ಣಾಯಕವಾಗುತ್ತವೆ, ಏಕೆಂದರೆ ಹೋದ ಮೇಲೆ ಏನು ಮಾಡುವುದೆಂದು ಯೋಚಿಸುವಷ್ಟು ಸಮಯ ಅಲ್ಲಿರುವುದಿಲ್ಲ. ಅಭ್ಯರ್ಥಿ ಬರುವ ತಿಂಗಳಿನಲ್ಲಿ ಆತಿಥೇಯರು ಸಮುದ್ರಯಾನದಲ್ಲಿದ್ದರೆ, ಅಥವಾ ಬೇಕಾದ ಉಪಕರಣ ದುರಸ್ತಿಗೆ ಹೋಗಿದ್ದರೆ, ಅತ್ಯುತ್ತಮ ಆಯ್ಕೆಯೂ ವ್ಯರ್ಥವಾಗುತ್ತದೆ. ದೀರ್ಘಾವಧಿಯ ತಂಡದ ತರಬೇತಿಯಲ್ಲಾದರೋ ಒಬ್ಬೊಬ್ಬರ ಅರ್ಹತೆಯಷ್ಟೇ ತಂಡದ ರಚನೆಯೂ ಮುಖ್ಯ. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ, ಉಪಗ್ರಹ ದತ್ತಾಂಶಗಳ ಹಿನ್ನೆಲೆಯವರು ಬೆರೆತಾಗ ಅವರು ಪರಸ್ಪರರಿಂದ ಕಲಿಯುವ ಪಾಠಗಳು ಪಠ್ಯಕ್ರಮದಲ್ಲಿ ಇರುವುದಿಲ್ಲ.

ಈ ಹಂತದಲ್ಲಿ ಸಮಿತಿಯು ಒಂದು ಪುಟದ ಉದ್ದೇಶಪತ್ರವನ್ನು ಬರೆದಿಡಬೇಕು. ತರಬೇತಿ ಯಾರಿಗಾಗಿ, ಯಾವ ಕೊರತೆಯನ್ನು ತುಂಬಲು, ಯಾವ ಮಟ್ಟದವರಿಗೆ, ತರಬೇತಿಯ ನಂತರ ಏನು ನಡೆದರೆ ಹಣ ಸಾರ್ಥಕವಾಯಿತೆಂದು ತಿಳಿಯುತ್ತೇವೆ ಎಂಬುದು ಅದರಲ್ಲಿರಲಿ. ಮುಂದೆ ಸಮಿತಿಯಲ್ಲಿ ಏಳುವ ವಾದಗಳಲ್ಲಿ ಹೆಚ್ಚಿನವಕ್ಕೆ ಈ ಪುಟವೇ ತೀರ್ಪು ಕೊಡುತ್ತದೆ.

ಹಂತ 2: ಅರ್ಜಿ ಆಹ್ವಾನ ಮತ್ತು ನಮೂನೆ

ಆಹ್ವಾನದಲ್ಲಿ ಅರ್ಹತೆಯ ಷರತ್ತುಗಳು ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ರೀತಿಯಲ್ಲಿರಬೇಕು. ‘ಸಾಗರ ವಿಜ್ಞಾನದಲ್ಲಿ ಆಸಕ್ತಿ ಇರಬೇಕು’ ಎಂಬುದು ಷರತ್ತಲ್ಲ. ‘ಸಂಬಂಧಿತ ವಿಷಯದಲ್ಲಿ ಪದವಿ ಪಡೆದಿರಬೇಕು ಮತ್ತು ಸಂಸ್ಥೆಯೊಂದರಲ್ಲಿ ಈಗ ಕೆಲಸ ಮಾಡುತ್ತಿರಬೇಕು ಅಥವಾ ಸಂಶೋಧನಾ ವಿದ್ಯಾರ್ಥಿಯಾಗಿ ನೋಂದಾಯಿಸಿರಬೇಕು’ ಎಂಬುದು ಷರತ್ತು. ವಯಸ್ಸಿನ ಮಿತಿಗಿಂತ ವೃತ್ತಿಯ ಹಂತವನ್ನು ಆಧಾರವಾಗಿಸುವುದು ಮೇಲು. ಮಕ್ಕಳ ಪಾಲನೆಗೋ ಕುಟುಂಬದ ಹೊಣೆಗೋ ವಿರಾಮ ತೆಗೆದುಕೊಂಡು ತಡವಾಗಿ ಈ ಕ್ಷೇತ್ರಕ್ಕೆ ಬಂದವರನ್ನು ವಯಸ್ಸಿನ ಮಿತಿ ಸುಮ್ಮನೆ ಹೊರಗಟ್ಟುತ್ತದೆ.

ನಿರ್ದಿಷ್ಟ ಪ್ರಶ್ನೆಗಳಿಗೆ ಉತ್ತರಿಸಲು ಅಳತೆ ಹಾಕಿದ ಜಾಗಗಳಿರುವ ನಮೂನೆ, ಖಾಲಿ ಹಾಳೆಯ ಮೇಲೆ ಬರೆಸುವ ಉದ್ದನೆಯ ಪ್ರಬಂಧಕ್ಕಿಂತ ಉತ್ತಮ. ‘ನೀವೇಕೆ ಈ ತರಬೇತಿಗೆ ತಕ್ಕವರು’ ಎಂದು ಕೇಳಿದರೆ ಎಲ್ಲರಿಂದಲೂ ಒಂದೇ ಬಗೆಯ ಉತ್ಸಾಹದ ಮಾತುಗಳು ಬರುತ್ತವೆ. ಅದರ ಬದಲು ಹೀಗೆ ಕೇಳಬಹುದು: ನೀವು ಈಗ ಯಾವ ಅಳತೆ ಅಥವಾ ದತ್ತಾಂಶದೊಂದಿಗೆ ಕೆಲಸ ಮಾಡುತ್ತೀರಿ? ಅದರಲ್ಲಿ ನಿಮಗೆ ಬಗೆಹರಿಸಲಾಗದ ತೊಡಕು ಯಾವುದು? ಈ ತರಬೇತಿಯ ಯಾವ ಭಾಗ ಆ ತೊಡಕನ್ನು ಬಿಡಿಸುತ್ತದೆ? ಮರಳಿದ ಮೊದಲ ವರ್ಷ ನೀವು ಯಾವ ಜಾಗದಲ್ಲಿ, ಏನನ್ನು, ಎಷ್ಟು ದಿನಗಳಿಗೊಮ್ಮೆ ಅಳೆಯುವಿರಿ? ಪ್ರತಿ ಉತ್ತರಕ್ಕೂ ಪದಮಿತಿ ಇರಲಿ.

ಜೊತೆಗೆ ಬೇಕಾದ ದಾಖಲೆಗಳು ಕೆಲವೇ: ಸಂಕ್ಷಿಪ್ತ ಸ್ವವಿವರ, ಪದವಿಯ ದಾಖಲೆ, ಎರಡು ಶಿಫಾರಸು ಪತ್ರಗಳು, ಮಾತೃಸಂಸ್ಥೆಯ ಪತ್ರ, ಅಲ್ಪಾವಧಿ ಭೇಟಿಯಾದರೆ ಆತಿಥೇಯರ ಒಪ್ಪಿಗೆ. ದುಬಾರಿ ಭಾಷಾ ಪರೀಕ್ಷೆಯ ಪ್ರಮಾಣಪತ್ರವನ್ನು ಎಲ್ಲ ಅರ್ಜಿದಾರರಿಂದ ಕೇಳುವುದು ಬೇಡ. ಸಂದರ್ಶನದಲ್ಲಿ ಅದು ಹೇಗೂ ತಿಳಿಯುತ್ತದೆ. ವೈದ್ಯಕೀಯ ಮಾಹಿತಿಯನ್ನಂತೂ ಈ ಹಂತದಲ್ಲಿ ಕೇಳಲೇಬಾರದು. ಅನೇಕ ಸಂಶೋಧನಾ ಹಡಗುಗಳು ಹತ್ತುವವರಿಂದ ವೈದ್ಯಕೀಯ ಪ್ರಮಾಣಪತ್ರ ಬಯಸುತ್ತವೆ ಎಂಬುದು ನಿಜ, ಆದರೆ ಅದು ಆಯ್ಕೆಯಾದವರಿಗೆ ಮಾತ್ರ ಸಂಬಂಧಿಸಿದ ವಿಷಯ. ಕಡಲಬೇನೆಯ ಬಗ್ಗೆ ಕೇಳುವ ಸಮಿತಿಗಳೂ ಇವೆ. ಹಡಗಿನಲ್ಲಿ ಬೇನೆ ಬರುವವರು ಒಳ್ಳೆಯ ವೀಕ್ಷಕರಾಗಲಾರರು ಎಂಬ ನಂಬಿಕೆಗೆ ಆಧಾರವಿಲ್ಲ. ದತ್ತಾಂಶದ ಗುಣಮಟ್ಟ, ಉಪಗ್ರಹ ಚಿತ್ರಗಳು, ಗಣಕ ಮಾದರಿಗಳು ಮುಂತಾಗಿ ಈ ಕ್ಷೇತ್ರದ ಎಷ್ಟೋ ಕೆಲಸ ದಡದಲ್ಲಿಯೇ ನಡೆಯುತ್ತದೆ, ಮತ್ತು ದೈಹಿಕ ಅಂಗವೈಕಲ್ಯ ಇರುವವರಿಗೂ ಅಲ್ಲಿ ಪೂರ್ಣ ಅವಕಾಶವಿದೆ ಎಂದು ಆಹ್ವಾನದಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು.

ಕೊನೆಯ ದಿನಾಂಕಕ್ಕೆ ಯಾವ ಸಮಯವಲಯ ಅನ್ವಯಿಸುತ್ತದೆ ಎಂದು ನಮೂದಿಸುವುದನ್ನು ಮರೆಯಬಾರದು. ಅಂತರ್ಜಾಲ ನಿಧಾನವಿರುವ ಕಡೆಯವರಿಗಾಗಿ ಕಡತಗಳ ಗಾತ್ರವನ್ನು ಚಿಕ್ಕದಾಗಿ ಇರಿಸಬೇಕು.

ಹಂತ 3: ಮೌಲ್ಯಮಾಪನದ ಅಳತೆಗೋಲು

ಅಂಕ ಕೊಡುವ ಪಟ್ಟಿಯನ್ನು ಮೊದಲ ಅರ್ಜಿ ತೆರೆಯುವ ಮುನ್ನ ಸಿದ್ಧಪಡಿಸಿ, ಸಾಧ್ಯವಾದರೆ ಆಹ್ವಾನದೊಂದಿಗೇ ಪ್ರಕಟಿಸಬೇಕು. ಅರ್ಜಿಗಳನ್ನು ಓದಿದ ಮೇಲೆ ಮಾಡಿದ ಪಟ್ಟಿ, ಆಗಲೇ ಇಷ್ಟವಾದವರಿಗೆ ಹೊಂದುವಂತೆ ತಾನಾಗಿ ಬಾಗುತ್ತದೆ. ನೂರು ಅಂಕಗಳನ್ನು ಹೀಗೆ ಹಂಚಬಹುದು. ಇದು ಒಂದು ಸಲಹೆ, ಉದ್ದೇಶಪತ್ರಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು:

- ಮರಳಿದ ಮೇಲಿನ ವೀಕ್ಷಣಾ ಯೋಜನೆ: 30
- ಈಗಿನ ಕೆಲಸಕ್ಕೂ ಬಯಸಿದ ತರಬೇತಿಗೂ ಇರುವ ಸಂಬಂಧ: 25
- ಮಾತೃಸಂಸ್ಥೆಯ ಬೆಂಬಲ: 20
- ವೈಜ್ಞಾನಿಕ ತಳಹದಿ: 15
- ಕಲಿತದ್ದನ್ನು ಇತರರಿಗೆ ಹೇಳಿಕೊಡುವ ಸಾಧ್ಯತೆ: 10

ವೈಜ್ಞಾನಿಕ ತಳಹದಿಗೆ ಹದಿನೈದೇ ಅಂಕ ಏಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ತರಬೇತಿಯನ್ನು ಅರ್ಥಮಾಡಿಕೊಳ್ಳಲು ಬೇಕಾದ ಕನಿಷ್ಠ ಮಟ್ಟವನ್ನು ಅರ್ಹತೆಯ ಷರತ್ತು ಆಗಲೇ ಖಾತ್ರಿಪಡಿಸಿದೆ. ಅದರ ಮೇಲಿನ ವ್ಯತ್ಯಾಸವು ಬಹುಪಾಲು ಅಭ್ಯರ್ಥಿ ಓದಿದ ವಿಶ್ವವಿದ್ಯಾಲಯದ ಸೌಕರ್ಯವನ್ನು ಅಳೆಯುತ್ತದೆ. ಬೇರೆ ಬೇರೆ ದೇಶಗಳ ಶೇಕಡಾವಾರು ಅಂಕಗಳನ್ನು ಹೋಲಿಸಲು ಬರುವುದಿಲ್ಲ. ಪ್ರಬಂಧಗಳ ವಿಷಯದಲ್ಲಿಯೂ ಅಷ್ಟೇ: ಪ್ರಕಟವಾದ ಪತ್ರಿಕೆಯ ಪ್ರಭಾವಾಂಕವನ್ನು (ಅದರ ಪ್ರಬಂಧಗಳನ್ನು ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸುತ್ತಾರೆ ಎಂಬ ಸಂಖ್ಯೆಯನ್ನು) ವ್ಯಕ್ತಿಯ ಯೋಗ್ಯತೆಗೆ ಬದಲಿಯಾಗಿ ಬಳಸಬಾರದು ಎಂಬುದು ಸಂಶೋಧನೆಯ ಮೌಲ್ಯಮಾಪನದ ಬಗ್ಗೆ 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯ ಮುಖ್ಯ ಅಂಶ, ಮತ್ತು ಆರಂಭಿಕ ಹಂತದ ವೀಕ್ಷಕರ ಆಯ್ಕೆಯಲ್ಲಿ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ಐದು ವರ್ಷ ತಪ್ಪದೆ ಉಬ್ಬರವಿಳಿತದ ಮಾಪಕವನ್ನು ನೋಡಿಕೊಂಡು ಬಂದ ತಂತ್ರಜ್ಞರ ಹೆಸರಿನಲ್ಲಿ ಒಂದು ಪ್ರಬಂಧವೂ ಇರದಿರಬಹುದು.

ಪ್ರತಿ ಮಾನದಂಡಕ್ಕೂ ಒಂದರಿಂದ ಐದರವರೆಗಿನ ಶ್ರೇಣಿ ಇಟ್ಟು, ಪ್ರತಿ ಅಂಕಿಯ ಅರ್ಥವನ್ನು ವಾಕ್ಯದಲ್ಲಿ ಬರೆಯಬೇಕು. ಅನಂತರ ಅದನ್ನು ನಿಗದಿಪಡಿಸಿದ ತೂಕಕ್ಕೆ ಪರಿವರ್ತಿಸಬಹುದು. ವೀಕ್ಷಣಾ ಯೋಜನೆಯ ಮಟ್ಟಿಗೆ, ‘ಕಲಿತದ್ದನ್ನು ನನ್ನ ದೇಶದ ಸಮುದ್ರಗಳ ರಕ್ಷಣೆಗೆ ಬಳಸುತ್ತೇನೆ’ ಎಂಬಷ್ಟೇ ಇದ್ದರೆ ಒಂದು; ಜಾಗ ಮತ್ತು ಅಳೆಯುವ ಅಂಶ ಹೆಸರಿಸಿದ್ದರೆ ಮೂರು; ಜಾಗ, ಅಂಶ, ಉಪಕರಣ, ಎಷ್ಟು ದಿನಗಳಿಗೊಮ್ಮೆ, ದೋಣಿ ಎಲ್ಲಿಂದ, ಜೊತೆಗೆ ಯಾರು, ದತ್ತಾಂಶ ಕೊನೆಗೆ ಯಾವ ಸಂಗ್ರಹಕ್ಕೆ ಸೇರುತ್ತದೆ ಎಂಬಷ್ಟೂ ಇದ್ದರೆ ಐದು. ಯೋಜನೆ ದೊಡ್ಡದಿರಬೇಕೆಂದೇನೂ ಇಲ್ಲ. ವಾರಕ್ಕೊಮ್ಮೆ ಒಂದು ಜೆಟ್ಟಿಯಿಂದ ಸೆಕ್ಕಿ ತಟ್ಟೆ ಇಳಿಸಿ ನೀರಿನ ಪಾರದರ್ಶಕತೆ ನೋಡಿ, ಒಂದು ಬಾಟಲಿ ನೀರು ತೆಗೆದು ಸೋಸಿಡುವ ಯೋಜನೆ, ಹಣವೇ ಇಲ್ಲದೆ ಸಮುದ್ರದಲ್ಲಿ ಹತ್ತು ತೇಲುವ ಮಾಪನ ಸಾಧನಗಳನ್ನು ನಿಲ್ಲಿಸುವ ಕನಸಿಗಿಂತ ಹೆಚ್ಚು ಅಂಕಕ್ಕೆ ಯೋಗ್ಯ.

ಮಾತೃಸಂಸ್ಥೆಯ ಬೆಂಬಲವನ್ನು ಅಳೆಯುವಾಗ ಒಂದು ಅಪಾಯವಿದೆ. ಉಪಕರಣಗಳು ತುಂಬಿರುವ ಸಂಸ್ಥೆಗೆ ಹೆಚ್ಚು ಅಂಕ ಕೊಟ್ಟರೆ, ತರಬೇತಿಯ ಅಗತ್ಯ ಅತಿ ಹೆಚ್ಚಿರುವ ಬಡ ಸಂಸ್ಥೆಯ ಅಭ್ಯರ್ಥಿ ತನ್ನದಲ್ಲದ ಕೊರತೆಗೆ ದಂಡ ತೆರುತ್ತಾರೆ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಸಂಸ್ಥೆಯ ಸಂಪತ್ತಲ್ಲ, ಅದರ ವಾಗ್ದಾನ: ಅಭ್ಯರ್ಥಿಗೆ ರಜೆ ಮಂಜೂರಾಗಿದೆಯೇ, ಮರಳಿದಾಗ ಹುದ್ದೆ ಉಳಿದಿರುತ್ತದೆಯೇ, ವೀಕ್ಷಣೆಗೆಂದು ವಾರದಲ್ಲಿ ಇಷ್ಟು ಸಮಯ ಎಂದು ಬಿಟ್ಟುಕೊಡುತ್ತಾರೆಯೇ, ಇರುವ ದೋಣಿಯನ್ನು ಬಳಸಬಹುದೇ. ‘ನಮ್ಮ ಸಂಪೂರ್ಣ ಸಹಕಾರವಿದೆ’ ಎಂಬ ಒಂದು ಸಾಲಿನ ಪತ್ರವನ್ನು ಬೆಂಬಲವೆಂದು ಎಣಿಸಬಾರದು. ಅಂಥ ಪತ್ರ ಬಂದಾಗ ಅರ್ಜಿಯನ್ನು ತಳ್ಳಿಹಾಕುವ ಬದಲು ಮೇಲಿನ ನಾಲ್ಕು ಪ್ರಶ್ನೆಗಳನ್ನು ಸಂಸ್ಥೆಗೆ ನೇರವಾಗಿ ಕಳಿಸಿ ಉತ್ತರ ತರಿಸಿಕೊಳ್ಳುವುದು ನ್ಯಾಯ. ಪತ್ರ ಬರೆದ ಅಧಿಕಾರಿಯ ಸೋಮಾರಿತನಕ್ಕೆ ಅಭ್ಯರ್ಥಿ ಹೊಣೆಯಲ್ಲ.

ಹಂತ 4: ಮೌಲ್ಯಮಾಪಕರು ಮತ್ತು ಅವರ ಪೂರ್ವಸಿದ್ಧತೆ

ಪ್ರತಿ ಅರ್ಜಿಯನ್ನೂ ಕನಿಷ್ಠ ಮೂವರು ಪ್ರತ್ಯೇಕವಾಗಿ ಓದಬೇಕು. ಅವರಲ್ಲಿ ಒಬ್ಬರಾದರೂ ಇಂಥ ತರಬೇತಿ ಪಡೆದು ಮರಳಿದ ಹಳೆಯ ಫೆಲೋ ಆಗಿರುವುದು ಬಹಳ ಉಪಯುಕ್ತ. ಸೌಕರ್ಯ ಕಡಿಮೆಯಿರುವ ಪ್ರಯೋಗಾಲಯದಲ್ಲಿ ಏನು ಸಾಧ್ಯ, ಏನು ಬರೀ ಮಾತು ಎಂಬುದನ್ನು ಅವರು ಒಂದು ನೋಟದಲ್ಲಿ ಗುರುತಿಸುತ್ತಾರೆ. ಅಭ್ಯರ್ಥಿಯ ಮಾರ್ಗದರ್ಶಕರು, ಸಹಲೇಖಕರು, ಅದೇ ಸಂಸ್ಥೆಯವರು, ಶಿಫಾರಸು ಪತ್ರ ಬರೆದವರು ಆ ಅರ್ಜಿಯಿಂದ ಪೂರ್ತಿ ದೂರವಿರಬೇಕು. ಸಭೆಯಲ್ಲಿ ಅದರ ಚರ್ಚೆ ಬಂದಾಗ ಮೌನವಾಗಿ ಕುಳಿತರೆ ಸಾಲದು, ಹೊರಗೆ ಹೋಗಬೇಕು. ಸಾಗರ ವಿಜ್ಞಾನ ಸಣ್ಣ ಜಗತ್ತು, ಒಂದೇ ಹಡಗಿನಲ್ಲಿ ಪಯಣಿಸಿದವರು ಎಲ್ಲೆಡೆ ಸಿಗುತ್ತಾರೆ. ಆದ್ದರಿಂದ ಯಾವ ಮಟ್ಟದ ಪರಿಚಯ ಹಿತಾಸಕ್ತಿ ಸಂಘರ್ಷವಾಗುತ್ತದೆ ಎಂಬುದನ್ನು ಮೊದಲೇ ಬರೆದಿಡದಿದ್ದರೆ, ಒಂದೋ ಯಾರೂ ಹೊರಗೆ ಹೋಗುವುದಿಲ್ಲ, ಇಲ್ಲವೇ ಅರ್ಜಿ ಓದಲು ಯಾರೂ ಉಳಿಯುವುದಿಲ್ಲ.

ಉಪಕರಣಗಳಿಗೆ ಕ್ಯಾಲಿಬ್ರೇಷನ್ (ಗೊತ್ತಿರುವ ಮಾನಕ್ಕೆ ಹೋಲಿಸಿ ಸರಿಹೊಂದಿಸುವುದು) ಇಲ್ಲದೆ ಅಳತೆಯನ್ನು ನಂಬದ ಜನ, ತಮಗೆ ಮಾತ್ರ ಅದು ಬೇಡವೆಂದುಕೊಳ್ಳುವುದು ವಿಚಿತ್ರ. ಮೌಲ್ಯಮಾಪನ ಆರಂಭವಾಗುವ ಮೊದಲು ಎಲ್ಲರೂ ಅವೇ ಐದಾರು ಅರ್ಜಿಗಳನ್ನು ಓದಿ ಅಂಕ ಕೊಟ್ಟು, ಒಟ್ಟಿಗೆ ಕುಳಿತು ವ್ಯತ್ಯಾಸಗಳನ್ನು ಚರ್ಚಿಸಬೇಕು. ಒಬ್ಬರು ಎರಡು ಕೊಟ್ಟ ಯೋಜನೆಗೆ ಇನ್ನೊಬ್ಬರು ಐದು ಕೊಟ್ಟಿದ್ದರೆ, ಶ್ರೇಣಿಯ ವಿವರಣೆಯಲ್ಲಿ ಏನೋ ಅಸ್ಪಷ್ಟವಿದೆ ಎಂದರ್ಥ. ಅದನ್ನು ಆಗಲೇ ತಿದ್ದಿಕೊಳ್ಳಬಹುದು.

ಇಷ್ಟಾದರೂ ಬಿಗಿಯಾಗಿ ಅಂಕ ಕೊಡುವವರು, ಧಾರಾಳವಾಗಿ ಕೊಡುವವರು ಇದ್ದೇ ಇರುತ್ತಾರೆ. ಎಲ್ಲರೂ ಎಲ್ಲ ಅರ್ಜಿಗಳನ್ನು ಓದದೆ ಹಂಚಿಕೊಂಡು ಓದುವಾಗ ಇದು ಅನ್ಯಾಯಕ್ಕೆ ದಾರಿ ಮಾಡುತ್ತದೆ. ಉದಾಹರಣೆಗೆ ಒಬ್ಬ ಮೌಲ್ಯಮಾಪಕರ ಸರಾಸರಿ 3.0, ಇನ್ನೊಬ್ಬರದು 4.2 ಇದ್ದರೆ, ಮೊದಲನೆಯವರ 3.8 ಎರಡನೆಯವರ 4.3ಕ್ಕಿಂತ ದೊಡ್ಡ ಮೆಚ್ಚುಗೆ. ಪ್ರತಿಯೊಬ್ಬರ ಅಂಕದಿಂದ ಅವರದೇ ಸರಾಸರಿಯನ್ನು ಕಳೆದು, ಬಂದ ವ್ಯತ್ಯಾಸವನ್ನು ಅವರ ಅಂಕಗಳ ಪ್ರಮಾಣ ವಿಚಲನೆಯಿಂದ (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂಬುದರ ಅಳತೆಯಿಂದ) ಭಾಗಿಸಿದರೆ ಹೋಲಿಕೆ ಸಾಧ್ಯವಾಗುತ್ತದೆ. ಅರ್ಜಿಗಳನ್ನು ಯಾದೃಚ್ಛಿಕವಾಗಿ ಹಂಚಿದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ. ಒಬ್ಬರಿಗೆ ಒಂದೇ ಪ್ರದೇಶದ ಅಥವಾ ಒಂದೇ ವಿಷಯದ ಅರ್ಜಿಗಳೆಲ್ಲ ಹೋಗಿದ್ದರೆ ನಿಜವಾದ ವ್ಯತ್ಯಾಸವೂ ಅಳಿಸಿಹೋಗುತ್ತದೆ.

ಹಂತ 5: ಅರ್ಹತೆಯ ಪರಿಶೀಲನೆ

ಇದನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ಫಲಿತಾಂಶ ಹೋಲಿಸಿದರೆ ಸಾಕು. ಒಂದು ದಾಖಲೆ ಮಾತ್ರ ಇಲ್ಲದ ಅರ್ಜಿಗಳಿಗೆ ಕೆಲವು ದಿನಗಳ ಅವಕಾಶ ಕೊಡುವುದಾದರೆ ಎಲ್ಲರಿಗೂ ಕೊಡಬೇಕು.

ಹಂತ 6: ಅರ್ಜಿಯನ್ನು ಓದುವ ಕ್ರಮ

ಇಲ್ಲಿ ಅಭ್ಯರ್ಥಿಯ ಭಾಷೆ ಸಮಿತಿಯನ್ನು ಅತಿ ಸುಲಭವಾಗಿ ದಾರಿ ತಪ್ಪಿಸುತ್ತದೆ. ನಯವಾದ ವಾಕ್ಯಗಳ ಅರ್ಜಿ ಒಳ್ಳೆಯದೆನಿಸುತ್ತದೆ, ತೊಡರುವ ವಾಕ್ಯಗಳದ್ದು ದುರ್ಬಲವೆನಿಸುತ್ತದೆ. ‘ಸಾಗರ ವೀಕ್ಷಣೆಯ ಆಧುನಿಕ ತಂತ್ರಗಳನ್ನು ಕರಗತ ಮಾಡಿಕೊಳ್ಳುವ ಹಂಬಲ ನನ್ನದು’ ಎಂಬ ಸಾಲಿನಲ್ಲಿ ಮಾಹಿತಿ ಏನೂ ಇಲ್ಲ. ‘ನಮ್ಮಲ್ಲಿ ನಾಲ್ಕು ವರ್ಷದ ಸಿಟಿಡಿ (ನೀರಿನ ವಾಹಕತೆ, ಉಷ್ಣಾಂಶ, ಆಳ ಅಳೆಯುವ ಉಪಕರಣ) ದತ್ತಾಂಶ ಇದೆ, ಬಾಟಲಿ ನೀರಿನ ಲವಣಾಂಶದೊಂದಿಗೆ ಒಮ್ಮೆಯೂ ಹೋಲಿಸಿಲ್ಲ, ಸಂವೇದಕ ಎಷ್ಟು ಜರುಗಿದೆ ಗೊತ್ತಿಲ್ಲ’ ಎಂದು ಒರಟಾಗಿ ಬರೆದವರಿಗೆ ತಮ್ಮ ಸಮಸ್ಯೆ ಗೊತ್ತು, ಅದರ ಪರಿಹಾರವೂ ಅರ್ಧ ಗೊತ್ತು. ಓದುವಾಗ ಜಾಗದ ಹೆಸರು, ಅಳೆದ ಅಂಶ, ಉಪಕರಣ, ಅವಧಿ, ಎದುರಾದ ತೊಡಕು ಇವುಗಳ ಕೆಳಗೆ ಗೆರೆ ಎಳೆಯುತ್ತ ಹೋಗಿ, ಗೆರೆ ಬಿದ್ದ ಭಾಗಗಳನ್ನು ಮಾತ್ರ ಎರಡನೆಯ ಬಾರಿ ಓದಿ ಅಂಕ ಕೊಡುವುದು ಒಳ್ಳೆಯ ಅಭ್ಯಾಸ.

ಈಗ ಬಹಳಷ್ಟು ಅರ್ಜಿಗಳು ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧವಾಗುತ್ತವೆ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಅದನ್ನು ಪತ್ತೆಹಚ್ಚುವ ತಂತ್ರಾಂಶಗಳನ್ನು ನೆಚ್ಚುವುದು ಬೇಡ. ತಾವೇ ಬರೆದವರ ಮೇಲೂ, ವಿಶೇಷವಾಗಿ ಇಂಗ್ಲಿಷ್ ಮಾತೃಭಾಷೆಯಲ್ಲದವರ ಮೇಲೂ, ಅವು ತಪ್ಪಾಗಿ ಬೆರಳು ತೋರಿಸಬಲ್ಲವು. ಭಾಷೆಯನ್ನು ತಿದ್ದಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬರೆದದ್ದು ಅಭ್ಯರ್ಥಿಗೆ ನಿಜವಾಗಿ ಗೊತ್ತಿದೆಯೇ ಎಂಬುದು ಸಂದರ್ಶನದಲ್ಲಿ ತಿಳಿಯುತ್ತದೆ.

ಶಿಫಾರಸು ಪತ್ರಗಳನ್ನು ಓದುವಾಗ ಬರೆದವರ ಪದ್ಧತಿಯನ್ನು ಗಮನದಲ್ಲಿಡಬೇಕು. ಕೆಲವು ದೇಶಗಳಲ್ಲಿ ಎಲ್ಲರೂ ‘ಅಸಾಧಾರಣ’ರೇ, ಇನ್ನು ಕೆಲವೆಡೆ ‘ಕೆಲಸ ತೃಪ್ತಿಕರ’ ಎಂಬುದೇ ದೊಡ್ಡ ಹೊಗಳಿಕೆ. ವಿಶೇಷಣಗಳನ್ನು ಬಿಟ್ಟು ಘಟನೆಗಳನ್ನು ಹುಡುಕಬೇಕು. ಪತ್ರ ಬರೆಯುವವರಿಗೇ ನಿರ್ದಿಷ್ಟ ಪ್ರಶ್ನೆಗಳನ್ನು ಕಳಿಸಿದರೆ ಇನ್ನೂ ಒಳ್ಳೆಯದು: ಅಭ್ಯರ್ಥಿ ಯಾವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲರು? ಅಳತೆ ತಪ್ಪಿದೆ ಎಂದು ತಿಳಿದಾಗ ಅವರು ಏನು ಮಾಡಿದ್ದನ್ನು ನೀವು ನೋಡಿದ್ದೀರಿ? ಎರಡನೆಯ ಪ್ರಶ್ನೆಗೆ ಬರುವ ಉತ್ತರ, ಅಥವಾ ಉತ್ತರವೇ ಬರದಿರುವುದು, ಪತ್ರದ ಉಳಿದ ಭಾಗಕ್ಕಿಂತ ಹೆಚ್ಚು ಹೇಳುತ್ತದೆ.

ಹಂತ 7: ಸಂದರ್ಶನ

ಲಭ್ಯವಿರುವ ಸ್ಥಾನಗಳ ಎರಡು ಅಥವಾ ಎರಡೂವರೆ ಪಟ್ಟು ಅಭ್ಯರ್ಥಿಗಳನ್ನು ಸಂದರ್ಶನಕ್ಕೆ ಕರೆದರೆ ಸಾಕಾಗುತ್ತದೆ. ಅರ್ಧ ಗಂಟೆಯ ಆನ್‌ಲೈನ್ ಮಾತುಕತೆ, ಎಲ್ಲರಿಗೂ ಅವೇ ಪ್ರಶ್ನೆಗಳು, ಅದೇ ಕ್ರಮ, ಪ್ರತಿ ಉತ್ತರಕ್ಕೆ ಅಲ್ಲಿಯೇ ಪ್ರತ್ಯೇಕ ಅಂಕ. ಸಂಪರ್ಕ ಕಡಿದುಹೋದರೆ ಏನು ಮಾಡುವುದೆಂದು ಮೊದಲೇ ತಿಳಿಸಿ, ಪರ್ಯಾಯವಾಗಿ ದೂರವಾಣಿ ಸಂಖ್ಯೆ ಪಡೆದಿರಬೇಕು. ಸಮಿತಿಗೆ ಅನುಕೂಲವಾದ ಹೊತ್ತು ಅಭ್ಯರ್ಥಿಗೆ ನಡುರಾತ್ರಿಯಾಗದಂತೆ ನೋಡಿಕೊಳ್ಳಬೇಕು.

ಸಾಮಾನ್ಯ ಪ್ರಶ್ನೆಗಳಿಗಿಂತ ಒಂದು ಚಿತ್ರವನ್ನು ಮುಂದಿಟ್ಟು ಮಾತನಾಡಿಸುವುದು ಹೆಚ್ಚು ಫಲಕಾರಿ. ಒಂದು ದಿನ ಮುಂಚೆ ಅಳತೆಗಳ ಎರಡು ಮೂರು ರೇಖಾನಕ್ಷೆ ಅಥವಾ ಚಿತ್ರಗಳನ್ನು ಕಳಿಸಿ, ‘ಇದರಲ್ಲಿ ನಿಮಗೆ ಏನು ಕಾಣುತ್ತದೆ, ಯಾವುದನ್ನು ನಂಬುತ್ತೀರಿ, ಇನ್ನೇನು ತಿಳಿಯಬೇಕು’ ಎಂದು ಕೇಳಬಹುದು. ಅಭ್ಯರ್ಥಿಯ ಹಿನ್ನೆಲೆಗೆ ತಕ್ಕದ್ದನ್ನು ಆರಿಸಿಕೊಳ್ಳುವ ಅವಕಾಶ ಅವರಿಗೇ ಇರಲಿ.

ಭೌತಿಕ ಸಾಗರ ವಿಜ್ಞಾನದ ಹಿನ್ನೆಲೆಯವರಿಗೆ ಸಿಟಿಡಿಯ ಅಳತೆಗಳನ್ನು ಆಳದ ಉದ್ದಕ್ಕೂ ತೋರಿಸುವ ಒಂದು ನಕ್ಷೆ ಕೊಡಬಹುದು: ಉಷ್ಣಾಂಶ ಥಟ್ಟನೆ ಇಳಿಯುವ ಪದರದಲ್ಲಿ ಲವಣಾಂಶದ ಗೆರೆ ಮುಳ್ಳಿನಂತೆ ಚಾಚಿಕೊಂಡಿದೆ. ಲವಣಾಂಶವನ್ನು ಈ ಉಪಕರಣ ನೇರವಾಗಿ ಅಳೆಯದೆ ವಾಹಕತೆ, ಉಷ್ಣಾಂಶ ಮತ್ತು ಒತ್ತಡದಿಂದ ಲೆಕ್ಕಹಾಕುತ್ತದೆ. ವಾಹಕತೆ ಮತ್ತು ಉಷ್ಣಾಂಶದ ಸಂವೇದಕಗಳು ಬದಲಾವಣೆಗೆ ಸ್ಪಂದಿಸುವ ವೇಗ ಬೇರೆಯಾದ್ದರಿಂದ, ಥಟ್ಟನೆ ಬದಲಾಗುವ ಪದರದಲ್ಲಿ ಇಂಥ ಸುಳ್ಳು ಮುಳ್ಳುಗಳು ಏಳುತ್ತವೆ. ಜೀವವಿಜ್ಞಾನದವರಿಗೆ ಇನ್ನೊಂದು: ಮಧ್ಯಾಹ್ನದ ಪ್ರತಿದೀಪ್ತಿ (ಬೆಳಕು ಹೀರಿದ ಕ್ಲೋರೋಫಿಲ್ ಮರಳಿ ಸೂಸುವ ಬೆಳಕು) ಮಾಪನದಲ್ಲಿ ಮೇಲ್ಮೈ ಬಳಿ ಕ್ಲೋರೋಫಿಲ್ ಕಡಿಮೆ ಇದ್ದಂತೆ ಕಾಣುತ್ತದೆ, ರಾತ್ರಿಯ ಮಾಪನದಲ್ಲಿ ಹಾಗಿಲ್ಲ. ಪ್ರಖರ ಬಿಸಿಲಿನಲ್ಲಿ ಸಸ್ಯಪ್ಲವಕಗಳು (ನೀರಿನಲ್ಲಿ ತೇಲುವ, ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು) ಹೀರಿದ ಹೆಚ್ಚುವರಿ ಬೆಳಕನ್ನು ಶಾಖವಾಗಿ ಹೊರಹಾಕುವುದರಿಂದ ಪ್ರತಿದೀಪ್ತಿ ತಗ್ಗುತ್ತದೆ. ಪ್ಲವಕಗಳು ಕಡಿಮೆಯಾಗಿರಬೇಕೆಂದೇನೂ ಇಲ್ಲ. ಉಪಗ್ರಹ ಚಿತ್ರಗಳಲ್ಲಿ ಕೆಲಸ ಮಾಡಿದವರಿಗೆ ನದಿಯ ಅಳಿವೆಯೊಂದರಲ್ಲಿ ಅತಿ ಹೆಚ್ಚು ಕ್ಲೋರೋಫಿಲ್ ತೋರಿಸುವ ಚಿತ್ರವನ್ನು ಕೊಟ್ಟರೆ, ನದಿ ತಂದ ಹೂಳು ಮತ್ತು ಕರಗಿದ ಬಣ್ಣದ ಸಾವಯವ ಪದಾರ್ಥಗಳು ಲೆಕ್ಕವನ್ನು ಕೆಡಿಸಿರಬಹುದೆಂಬ ಅನುಮಾನ ಅವರಿಗೆ ಬರುತ್ತದೆಯೇ ಎಂದು ನೋಡಬಹುದು. ಉಬ್ಬರವಿಳಿತದ ದಾಖಲೆಯಲ್ಲಿ ಸಮುದ್ರಮಟ್ಟ ಒಂದೇ ದಿನದಲ್ಲಿ ಹತ್ತು ಸೆಂಟಿಮೀಟರ್ ಜಿಗಿದು ಅಲ್ಲಿಯೇ ನಿಂತಿದ್ದರೆ, ಮಾಪಕವನ್ನು ಸರಿಸಲಾಗಿದೆಯೇ ಅಥವಾ ಭೂಕಂಪದಿಂದ ನೆಲವೇ ಸರಿದಿದೆಯೇ ಎಂದು ಕೇಳುವವರು ಬೇಕು.

ಸರಿಯುತ್ತರಕ್ಕೇ ಎಲ್ಲ ಅಂಕ ಕೊಡಬಾರದು. ಇವು ತರಬೇತಿಯಲ್ಲಿ ಕಲಿಸುವ ವಿಷಯಗಳು. ಆಗಲೇ ಗೊತ್ತಿದ್ದವರಿಗೆ ತರಬೇತಿಯ ಅಗತ್ಯವೇ ಕಡಿಮೆ. ಅಭ್ಯರ್ಥಿ ನಕ್ಷೆಯನ್ನು ಅನುಮಾನಿಸುವ ರೀತಿಯನ್ನು ಗಮನಿಸಬೇಕು. ‘ಇದು ವಿಚಿತ್ರವಾಗಿದೆ, ಕಾರಣ ಗೊತ್ತಿಲ್ಲ, ಇಳಿಯುವಾಗಿನ ದತ್ತಾಂಶವನ್ನು ಏರುವಾಗಿನದರೊಂದಿಗೆ ಹೋಲಿಸಿ ನೋಡುತ್ತಿದ್ದೆ’ ಎಂಬ ಉತ್ತರಕ್ಕೆ ನಾಲ್ಕು ಕೊಡಬಹುದು; ಮುಳ್ಳಿಗೆ ಸುಂದರವಾದ ಭೌತಿಕ ವಿವರಣೆ ಕಟ್ಟಿ ನಿಲ್ಲಿಸಿದವರಿಗೆ ಎರಡು. ದತ್ತಾಂಶವನ್ನು ಶಂಕಿಸುವ ಸ್ವಭಾವವನ್ನು ಕೆಲವು ತಿಂಗಳಲ್ಲಿ ಕಲಿಸುವುದು ಕಷ್ಟ, ಉಳಿದುದನ್ನು ಕಲಿಸಬಹುದು.

ಸಂದರ್ಶನದ ಇನ್ನೊಂದು ಭಾಗ ಮರಳುವ ಯೋಜನೆಯ ಬಗ್ಗೆ. ‘ನಿಮ್ಮ ಯೋಜನೆಯಲ್ಲಿ ಬರೆದ ದೋಣಿ ಸಿಗದಿದ್ದರೆ ಏನು ಮಾಡುತ್ತೀರಿ’ ಎಂಬ ಒಂದು ಪ್ರಶ್ನೆ ಬಹಳಷ್ಟನ್ನು ಹೊರತರುತ್ತದೆ. ಕುಟುಂಬ, ಮದುವೆ, ಮಕ್ಕಳು, ಧರ್ಮ, ಆರೋಗ್ಯ ಇವುಗಳ ಬಗ್ಗೆ ಸುತ್ತುಬಳಸಿಯೂ ಕೇಳುವಂತಿಲ್ಲ. ‘ಹತ್ತು ತಿಂಗಳು ಮನೆ ಬಿಟ್ಟಿರಬಲ್ಲಿರಾ’ ಎಂದು ಮಹಿಳೆಯರನ್ನು ಮಾತ್ರ ಕೇಳುವ ಸಮಿತಿ ಸದಸ್ಯರಿಗೆ ಅಧ್ಯಕ್ಷರು ಮೊದಲೇ ಎಚ್ಚರಿಕೆ ಹೇಳಿರಬೇಕು.

ಹಂತ 8: ಅಂತಿಮ ಪಟ್ಟಿ

ಅಂಕಗಳನ್ನು ಒಟ್ಟುಗೂಡಿಸಿದ ಮೇಲೆ 81.4 ಬಂದವರು 80.9 ಬಂದವರಿಗಿಂತ ಮೇಲು ಎಂದು ಭಾವಿಸುವುದು ಸಂಖ್ಯೆಗಳಿಗೆ ಇಲ್ಲದ ನಿಖರತೆಯನ್ನು ಕೊಟ್ಟಂತೆ. ಅಭ್ಯರ್ಥಿಗಳನ್ನು ಮೂರು ಗುಂಪುಗಳಾಗಿ ನೋಡಬೇಕು: ಖಂಡಿತ ಆಯ್ಕೆಯಾಗಬೇಕಾದವರು, ಖಂಡಿತ ಆಗದವರು, ನಡುವೆ ಬಹುತೇಕ ಸಮಾನರಾಗಿರುವವರು. ಚರ್ಚೆಯ ಸಮಯವೆಲ್ಲ ಮೂರನೆಯ ಗುಂಪಿಗೆ ಮೀಸಲು.

ತಂಡದ ಸಮತೋಲನವನ್ನು ನೋಡಬೇಕಾದದ್ದೂ ಈ ನಡುವಿನ ಗುಂಪಿನಲ್ಲಿಯೇ. ಯಾವ ದೇಶಗಳ ಪ್ರಾತಿನಿಧ್ಯವಿಲ್ಲ, ಮಹಿಳೆಯರೆಷ್ಟು, ಯಾವ ವಿಷಯದವರು ಕಡಿಮೆ, ಹಿಂದಿನ ವರ್ಷ ಯಾರನ್ನೂ ಕಳಿಸದ ಸಂಸ್ಥೆ ಯಾವುದು ಎಂಬ ಪರಿಗಣನೆಗಳನ್ನು ಬಹಿರಂಗವಾಗಿ, ಮೊದಲೇ ಘೋಷಿಸಿದ ಕ್ರಮದಲ್ಲಿ ಅನ್ವಯಿಸಬೇಕು. ಒಂದೇ ಸಂಸ್ಥೆಯ ಇಬ್ಬರಿಗೆ ಅವಕಾಶ ಕೊಡುವುದು ಸಾಮಾನ್ಯವಾಗಿ ಬೇಡ. ಆದರೂ ನನ್ನ ಅಭಿಪ್ರಾಯದಲ್ಲಿ ಇದಕ್ಕೊಂದು ಅಪವಾದವಿದೆ: ತರಬೇತಿ ಪಡೆದ ಒಬ್ಬರು ಮರಳಿ ಹೋಗಿ ಒಂಟಿಯಾಗಿ ಹೆಣಗುತ್ತಿರುವ ಸಂಸ್ಥೆಯಿಂದ ಎರಡನೆಯವರು ಬಂದರೆ, ಒಬ್ಬರು ಕೆಲಸ ಬಿಟ್ಟರೂ ಅಳತೆಯ ಸರಣಿ ನಿಲ್ಲದಂತೆ ಮಾಡಬಹುದು.

ಎಲ್ಲ ಪರಿಗಣನೆಗಳ ನಂತರವೂ ಸಮಾನರಾಗಿಯೇ ಉಳಿದವರ ನಡುವೆ ಚೀಟಿ ಎತ್ತುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸ್ವಿಸ್ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮತ್ತು ಬ್ರಿಟಿಷ್ ಅಕಾಡೆಮಿ ತಮ್ಮ ಕೆಲವು ಅನುದಾನಗಳಲ್ಲಿ ಇದನ್ನು ಬಳಸಿವೆ. ಸುಸ್ತಾದ ಸಮಿತಿಯೊಂದು ಸಂಜೆಯ ಹೊತ್ತಿಗೆ ‘ಯಾಕೋ ಇವರೇ ಸರಿ’ ಎಂದು ಆರಿಸುವುದಕ್ಕಿಂತ ಚೀಟಿ ಹೆಚ್ಚು ಪ್ರಾಮಾಣಿಕ.

ಪ್ರತಿ ತೀರ್ಮಾನಕ್ಕೂ ಎರಡು ಸಾಲಿನ ಕಾರಣವನ್ನು ಸಭೆಯಲ್ಲಿಯೇ ಬರೆದಿಡಬೇಕು.

ಹಂತ 9: ಪ್ರಕಟಣೆ, ಮೀಸಲು ಪಟ್ಟಿ, ಪ್ರಯಾಣ

ಆಯ್ಕೆಯಾದವರು ಉತ್ತರಿಸಲು ನಿಗದಿತ ದಿನವಿರಲಿ, ಮೀಸಲು ಪಟ್ಟಿಯಲ್ಲಿರುವವರಿಗೆ ತಾವು ಎಷ್ಟನೆಯವರು ಮತ್ತು ಯಾವ ದಿನದವರೆಗೆ ಕಾಯಬೇಕು ಎಂಬುದು ತಿಳಿದಿರಲಿ. ವೀಸಾ ಇಲ್ಲಿ ದೊಡ್ಡ ತೊಡಕು. ಕೆಲವು ದೇಶಗಳ ಅಭ್ಯರ್ಥಿಗಳು ವೀಸಾ ಕಚೇರಿಗಾಗಿಯೇ ಇನ್ನೊಂದು ದೇಶಕ್ಕೆ ಹೋಗಬೇಕಾಗುತ್ತದೆ, ಆ ಖರ್ಚನ್ನು ಫೆಲೋಶಿಪ್ ಭರಿಸದಿದ್ದರೆ ಆಯ್ಕೆ ಕಾಗದದ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಫಲಿತಾಂಶಕ್ಕೂ ತರಬೇತಿಯ ಆರಂಭಕ್ಕೂ ನಡುವೆ ಹಲವು ತಿಂಗಳ ಅಂತರ ಬೇಕು. ವೀಸಾ ಸಿಗುವುದು ಕಷ್ಟ ಎಂಬ ಕಾರಣಕ್ಕೆ ಒಬ್ಬರನ್ನು ಆಯ್ಕೆಯಿಂದಲೇ ಕೈಬಿಡುವುದು ಮಾತ್ರ ತಪ್ಪು. ಅದು ಅಭ್ಯರ್ಥಿಯ ಪಾಸ್‌ಪೋರ್ಟಿಗೆ ಅಂಕ ಕೊಟ್ಟಂತೆ. ಹಡಗು ಹತ್ತುವವರ ವೈದ್ಯಕೀಯ ತಪಾಸಣೆ, ಸಮುದ್ರದಲ್ಲಿ ಜೀವರಕ್ಷಣೆಯ ತರಬೇತಿ, ವಿಮೆ ಇವುಗಳನ್ನು ಈಗ ಆರಂಭಿಸಬಹುದು.

ಆಯ್ಕೆಯಾಗದವರಿಗೂ ಪತ್ರ ಹೋಗಬೇಕು. ಎಲ್ಲರಿಗೂ ವಿವರವಾದ ಕಾರಣ ಬರೆಯುವುದು ಅಸಾಧ್ಯವಾದರೆ, ಸಂದರ್ಶನದವರೆಗೆ ಬಂದವರಿಗಾದರೂ ‘ನಿಮ್ಮ ಯೋಜನೆಯಲ್ಲಿ ದತ್ತಾಂಶ ಎಲ್ಲಿ ಸೇರುತ್ತದೆ ಎಂಬುದು ಸ್ಪಷ್ಟವಿರಲಿಲ್ಲ’ ಎಂಬಂಥ ಒಂದು ಉಪಯುಕ್ತ ಸಾಲನ್ನು ಬರೆಯಬಹುದು. ಮುಂದಿನ ವರ್ಷದ ಒಳ್ಳೆಯ ಅರ್ಜಿಗಳು ಹಲವು ಬಾರಿ ಈ ಸಾಲಿನಿಂದಲೇ ಹುಟ್ಟುತ್ತವೆ. ಅರ್ಜಿದಾರರ ವೈಯಕ್ತಿಕ ದಾಖಲೆಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆಂದು ಆಹ್ವಾನದಲ್ಲಿ ಹೇಳಿದ್ದೆವೋ ಅಷ್ಟಕ್ಕೆ ಅಳಿಸಬೇಕು.

ಹಂತ 10: ಆಯ್ಕೆಯನ್ನೇ ಪರೀಕ್ಷಿಸುವುದು

ತರಬೇತಿ ಮುಗಿದ ಎರಡು ಮೂರು ವರ್ಷಗಳ ನಂತರ, ಪ್ರತಿ ಫೆಲೋ ಈಗ ಏನು ಅಳೆಯುತ್ತಿದ್ದಾರೆ, ದತ್ತಾಂಶ ಎಲ್ಲಿ ಲಭ್ಯವಿದೆ, ಯಾರಿಗೆ ಕಲಿಸಿದ್ದಾರೆ ಎಂದು ಕೇಳಿ, ಅವರಿಗೆ ಆಯ್ಕೆಯ ಸಮಯದಲ್ಲಿ ಕೊಟ್ಟ ಅಂಕಗಳ ಪಕ್ಕದಲ್ಲಿಟ್ಟು ನೋಡಬೇಕು. ಬಲವಾದ ಶಿಫಾರಸು ಪತ್ರಗಳಿದ್ದವರಿಗೂ ಉಳಿದವರಿಗೂ ವ್ಯತ್ಯಾಸವೇ ಕಾಣದಿದ್ದರೆ, ಆ ಪತ್ರಗಳನ್ನು ಮುಂದೆ ತರಿಸಿಕೊಳ್ಳುವುದಾದರೂ ಏಕೆ? ವರ್ಷಕ್ಕೆ ಹತ್ತು ಜನರ ಲೆಕ್ಕದಲ್ಲಿ ಒಂದು ತಂಡದಿಂದ ಏನನ್ನೂ ಹೇಳಲಾಗದು, ಆದ್ದರಿಂದ ನಾಲ್ಕೈದು ತಂಡಗಳ ಮಾಹಿತಿ ಸೇರುವವರೆಗೆ ಕಾಯಬೇಕು. ಆಯ್ಕೆಯಾದವರನ್ನು ಮಾತ್ರ ನೋಡಿದರೆ ಚಿತ್ರ ಅರ್ಧವೇ. ಮೀಸಲು ಪಟ್ಟಿಯಲ್ಲೇ ಉಳಿದವರಲ್ಲಿ ಒಪ್ಪುವವರನ್ನೂ ಇದೇ ಪ್ರಶ್ನೆಗಳೊಂದಿಗೆ ಸಂಪರ್ಕಿಸಿದರೆ, ತರಬೇತಿಯಿಲ್ಲದೆಯೂ ಅದೇ ಕೆಲಸ ಮಾಡಿದವರು ಎಷ್ಟು ಮಂದಿ ಎಂಬುದು ತಿಳಿಯುತ್ತದೆ. ಇದರ ಆಧಾರದ ಮೇಲೆ ಮಾನದಂಡಗಳ ತೂಕವನ್ನು ಬದಲಿಸುವುದಾದರೆ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಮಾತ್ರ ಬದಲಿಸಿ, ಹೊಸ ತೂಕಗಳನ್ನೂ ಬದಲಾವಣೆಯ ಕಾರಣವನ್ನೂ ಮುಂದಿನ ಅರ್ಜಿ ಆಹ್ವಾನದಲ್ಲಿ ಸೇರಿಸಬೇಕು.